ಶೆಡ್ ಹಿಂದಿನ ಡ್ರಿಪ್ ತೋಟ: ಕಟ್ಟಿದ್ದು, ರಿಪೇರಿ ಮಾಡಿದ್ದು, ಮುಟ್ಟದೆ ಬಿಟ್ಟಿದ್ದು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಸಿಎನ್‌ಸಿ ಜಾಬ್ ವರ್ಕ್ ಶೆಡ್ ಇದೆ, ಅಂದರೆ ಕಂಪ್ಯೂಟರ್ ನಡೆಸೋ ಮೆಷಿನ್ನುಗಳಲ್ಲಿ ಬೇರೆಯವರಿಗೆ ಲೋಹದ ಬಿಡಿಭಾಗ ಮಾಡಿಕೊಡೋದು. ಎರಡು ಶಿಫ್ಟ್, ಹತ್ತು ಹನ್ನೆರಡು ಜನ. ಶೆಡ್ ಹಿಂದೆ ಒಂದಷ್ಟು ಜಾಗ ಸುಮ್ನೆ ಬಿದ್ದಿತ್ತು. ಅಲ್ಲಿ ಬದನೆ, ಮೆಣಸಿನಕಾಯಿ ಹಾಕೋಣ, ಆದರೆ ನೀರು ಹಿಡಿಯೋಕೆ ಅಂತ ಯಾರೂ ದಿನಾ ನಿಲ್ಲಬಾರದು ಅನ್ನೋ ಒಂದೇ ಷರತ್ತಿನ ಮೇಲೆ ಈ ಡ್ರಿಪ್ ತೋಟದ ಕೆಲಸ ಶುರುವಾಯಿತು. ಗಿಡಕ್ಕೆ ನೀರು ತಳ್ಳೋಕೆ ಮೋಟರ್ ಇಲ್ಲ, ಕರೆಂಟ್ ಇಲ್ಲ. ಟ್ಯಾಂಕ್ ಎತ್ತರದಲ್ಲಿದೆ, ನೀರು ತಾನೇ ಇಳಿಯುತ್ತದೆ, ಅಷ್ಟೇ.

ಅದೇ ತಿಂಗಳುಗಳಲ್ಲಿ ಶೆಡ್ ಒಳಗೂ ಒಂದು ಕೆಲಸ ನಡೀತಾ ಇತ್ತು. ಎಲ್ಲದಕ್ಕೂ 'ಸಾರ್, ಇದೇನು ಮಾಡ್ಲಿ?' ಅಂತ ನನ್ನ ಹತ್ತಿರ ಬರೋದನ್ನು ಕಮ್ಮಿ ಮಾಡಬೇಕಿತ್ತು. ಎರಡೂ ಒಟ್ಟಿಗೆ ನಡೆದಿದ್ದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಬರೆಯೋಕೆ ಆಗ್ತಿಲ್ಲ.

ಮೊದಲೇ ಹೇಳಿಬಿಡ್ತೀನಿ. ನೌಕರರೆಲ್ಲ ಗಿಡಗಳು, ಮಾಲೀಕ ಮಾಲಿ ಅನ್ನೋ ಭಾಷಣ ನನಗೆ ಆಗಲ್ಲ. ಪಕ್ಕದ ಶೆಡ್ಡಿನಲ್ಲಿ ಎರಡು ಸಾವಿರ ಜಾಸ್ತಿ ಕೊಡ್ತಾರೆ ಅಂತ ಬದನೆ ಗಿಡ ಎದ್ದು ಹೋಗಲ್ಲ. ಜನ ಹೋಗ್ತಾರೆ, ಹೋಗಲೂಬೇಕು. ನಾನು ತೋಟದಿಂದ ತಗೊಂಡಿದ್ದು ನನ್ನ ಕೈಗೆ ಸಂಬಂಧಪಟ್ಟ ಪಾಠ ಮಾತ್ರ. ಕೈ ಎಲ್ಲಿ ಹಾಕಬೇಕು, ಎಲ್ಲಿ ಜೇಬಲ್ಲಿ ಇಟ್ಕೊಂಡಿರಬೇಕು ಅನ್ನೋದು.

ಮಣ್ಣಿನ ಕೆಲಸ

ಜಾಗದ ಸ್ಥಿತಿ ಚೆನ್ನಾಗಿರಲಿಲ್ಲ. ಹಿಂದೆ ಬಾಡಿಗೆಗಿದ್ದವರು ಕಬ್ಬಿಣದ ಚಿಪ್ಸ್ ಅಲ್ಲೇ ಸುರೀತಿದ್ದರು. ಲೋಹ ಕೊರೆಯುವಾಗ ತಂಪಿಗೆ ಬಿಡೋ ಕೂಲಂಟ್ ಎಣ್ಣೆ ಇಳಿದು ಮಣ್ಣು ಕಪ್ಪಾಗಿತ್ತು. ಅಂಥ ಮಣ್ಣಲ್ಲಿ ತಿನ್ನೋ ತರಕಾರಿ ಬೆಳೆಯೋ ಮಾತೇ ಇಲ್ಲ. ಮೇಲಿನ ಒಂದು ಅಡಿ ಮಣ್ಣು ತೆಗೆಸಿ ಹಾಕಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಬಸಿದು ಹೋಗೋಕೆ ಒಂದು ಬದಿಗೆ ಇಳಿಜಾರು ಕೊಟ್ಟು, ಸಾಲಿಡ್ ಬ್ಲಾಕ್ ಇಟ್ಟು ಎರಡು ಮಡಿ ಕಟ್ಟಿದೆವು. ಒಂದೊಂದೂ 20 ಅಡಿ ಉದ್ದ, 4 ಅಡಿ ಅಗಲ, ಒಂದೂವರೆ ಅಡಿ ಎತ್ತರ. ಎರಡಕ್ಕೂ ಸೇರಿ 240 ಘನ ಅಡಿ ಮಣ್ಣು ಬೇಕು. ಕೆಂಪು ಮಣ್ಣು ಎರಡು ಪಾಲು, ಹಳೇ ಕೊಟ್ಟಿಗೆ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ಮೇಲೆ ಒಂದಿಷ್ಟು ಬೇವಿನ ಹಿಂಡಿ. ಗೊಬ್ಬರ ಪೂರ್ತಿ ಕಳಿತಿರಬೇಕು. ಮುಟ್ಟಿದರೆ ಬಿಸಿ ಇರಬಾರದು, ಸಗಣಿ ವಾಸನೆ ಬರಬಾರದು. ಹಸಿ ಗೊಬ್ಬರ ಹಾಕಿದರೆ ಬೇರು ಸುಡುತ್ತೆ.

ಇಡೀ ಯೋಜನೆಯಲ್ಲಿ ಜಾಸ್ತಿ ದುಡ್ಡು, ಜಾಸ್ತಿ ಬೆವರು ಹೋಗಿದ್ದು ಇಲ್ಲೇ. ನೋಡೋಕೆ ಏನೂ ಇಲ್ಲ, ಎರಡು ತೊಟ್ಟಿ ಮಣ್ಣು. ಶೆಡ್ ಒಳಗಿನ ಕೆಲಸವೂ ಹೀಗೇ ಇತ್ತು. 'ನೀವೇ ನೋಡ್ಕೊಳ್ಳಿ' ಅನ್ನೋದಕ್ಕೆ ಮುಂಚೆ ಪ್ರತಿ ಮೆಷಿನ್ ಪಕ್ಕ ಅಲ್ಲಿಗೆ ಬೇಕಾದ ಗೇಜು, ಮೈಕ್ರೋಮೀಟರ್ ಇರಬೇಕು. ಡ್ರಾಯಿಂಗ್ ಹೊಸ ರಿವಿಷನ್ ಇರಬೇಕು. ಇನ್ಸರ್ಟ್ (ಲೋಹ ಕೊರೆಯೋ, ಸವೆದರೆ ಬದಲಾಯಿಸೋ ಅಲಗು) ಸ್ಟಾಕ್ ಎಷ್ಟಿದೆ ಅನ್ನೋದು ನನ್ನ ತಲೆಯಲ್ಲಲ್ಲ, ಸ್ಟೋರಿನ ಪುಸ್ತಕದಲ್ಲಿ ಇರಬೇಕು. ಇದ್ಯಾವುದೂ ಇಲ್ಲದೆ ಸ್ವಾತಂತ್ರ್ಯ ಕೊಟ್ಟೆ ಅಂದರೆ ಅದು ಸ್ವಾತಂತ್ರ್ಯ ಅಲ್ಲ, ಕೈ ತೊಳ್ಕೊಂಡಂಗೆ. ಕೈಬಿಟ್ಟು ನಡೆಸೋದು ಅಂದರೆ ಕೆಲಸ ಕಮ್ಮಿ ಅಂದ್ಕೊಂಡವರು ಈ ಭಾಗವನ್ನು ಒಂದು ಸಲ ಮಾಡಿ ನೋಡಲಿ.

ಟ್ಯಾಂಕು, ಪೈಪು, ಮತ್ತು ಡ್ರಿಪ್ಪರ್ ಎಂಬ ತಲೆನೋವು

500 ಲೀಟರ್ ಟ್ಯಾಂಕನ್ನು ಕಬ್ಬಿಣದ ಸ್ಟ್ಯಾಂಡ್ ಮೇಲೆ ಕೂರಿಸಿದೆವು. ಸ್ಟ್ಯಾಂಡ್ ನಮ್ಮಲ್ಲೇ ವೆಲ್ಡ್ ಮಾಡಿದ್ದು. ಟ್ಯಾಂಕಿನ ತಳ ಮಡಿಗಿಂತ ಸುಮಾರು 2 ಮೀಟರ್ ಮೇಲಿದೆ. ಅಲ್ಲಿಂದ ಗೇಟ್ ವಾಲ್ವ್, ಆಮೇಲೆ ಕಸ ತಡೆಯೋ 120 ಮೆಶ್ ಸ್ಕ್ರೀನ್ ಫಿಲ್ಟರ್, ಆಮೇಲೆ ಟೈಮರ್, ಅಲ್ಲಿಂದ ಒಂದು ಇಂಚಿನ ಪೈಪು, ಅದಕ್ಕೆ 16 ಎಂಎಂ ಕಪ್ಪು ಲ್ಯಾಟರಲ್, ಅಂದರೆ ಗಿಡದ ಸಾಲಿನ ಉದ್ದಕ್ಕೂ ಹೋಗೋ ಸಣ್ಣ ಪೈಪು. ಗಿಡದಿಂದ ಗಿಡಕ್ಕೆ ಎರಡು ಅಡಿ. ಮಡಿಗೆ ಎರಡು ಸಾಲು, ಸಾಲಿಗೆ ಹತ್ತು ಗಿಡ, ಗಿಡಕ್ಕೊಂದರಂತೆ ನೀರು ತೊಟ್ಟಿಕ್ಕಿಸೋ ಒಟ್ಟು 40 ಡ್ರಿಪ್ಪರ್.

ಮಂಡ್ಯದಿಂದ ಡ್ರಿಪ್ ಸಾಮಾನು ತಂದು ಜೋಡಿಸಿ ವಾಲ್ವ್ ತಿರುಗಿಸಿದರೆ ಅರ್ಧಕ್ಕರ್ಧ ಡ್ರಿಪ್ಪರ್ ತೊಟ್ಟಿಕ್ಕಲೇ ಇಲ್ಲ. ಕಟ್ಟಿಕೊಂಡಿರಬೇಕು ಅಂತ ಬಿಚ್ಚಿ ನೋಡಿದರೆ ಎಲ್ಲ ಹೊಸದು, ಚೊಕ್ಕ. ಅಂಗಡಿಯವರು ಕೊಟ್ಟಿದ್ದು ಪ್ರೆಷರ್ ಕಾಂಪನ್ಸೇಟಿಂಗ್ ಡ್ರಿಪ್ಪರ್. ಒಳ್ಳೇ ಮಾಲೇ, ದುಡ್ಡೂ ಜಾಸ್ತಿ. ಒಳಗೊಂದು ರಬ್ಬರ್ ಪೊರೆ ಇರುತ್ತೆ. ಏರು ತಗ್ಗಿನ ಜಮೀನಲ್ಲಿ ಒತ್ತಡ ಹೆಚ್ಚು ಕಮ್ಮಿ ಆದರೂ ಎಲ್ಲ ಗಿಡಕ್ಕೂ ಒಂದೇ ಸಮ ನೀರು ಬಿಡೋದು ಅದರ ಕೆಲಸ. ಆದರೆ ಆ ಕೆಲಸ ಶುರುವಾಗೋಕೇ ಪಂಪಿನ ಒತ್ತಡ ಬೇಕು. 10 ಮೀಟರ್ ಎತ್ತರದ ನೀರು ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತಡ. ನಮ್ಮದು 2 ಮೀಟರ್, ಅಂದರೆ 0.2. ಅದಕ್ಕೆ ಆ ಪೊರೆ ಕ್ಯಾರೇ ಅನ್ನಲಿಲ್ಲ.

ವಾಪಸ್ ಕೊಟ್ಟು ಮಾಮೂಲಿ ಡ್ರಿಪ್ಪರ್ ತಂದೆವು. ಇಲ್ಲೂ ಒಂದು ಲೆಕ್ಕ ಇದೆ. ಅದರ ಮೇಲೆ ಗಂಟೆಗೆ 4 ಲೀಟರ್ ಅಂತ ಬರೆದಿರೋದು 1 ಕೆಜಿ ಒತ್ತಡಕ್ಕೆ. ಒತ್ತಡ ಕಮ್ಮಿ ಆದಾಗ ನೀರು ಅದೇ ಪ್ರಮಾಣದಲ್ಲಿ ಕಮ್ಮಿ ಆಗಲ್ಲ, ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ಕಮ್ಮಿ ಆಗುತ್ತೆ. 0.2ರ ವರ್ಗಮೂಲ ಸುಮಾರು 0.45. ಹಾಗಾಗಿ 4 ಲೀಟರಿನದು 1.8 ಲೀಟರ್ ಕೊಡುತ್ತೆ, 8 ಲೀಟರಿನದು 3.6. ನಾವು 8 ಲೀಟರಿನದನ್ನೇ ಹಾಕಿದೆವು. ತೂತು ದೊಡ್ಡದಿರೋದರಿಂದ ಕಸ ಕಟ್ಟೋದೂ ಕಮ್ಮಿ. ಡ್ರಿಪ್ಪರ್ ಕೆಳಗೆ ಡಬ್ಬಿ ಇಟ್ಟು ಅಳೆದಾಗ ಲೆಕ್ಕಕ್ಕೆ ಹತ್ತಿರವೇ ಬಂತು. ಟ್ಯಾಂಕ್ ತುಂಬಿದಾಗ ಸ್ವಲ್ಪ ಜಾಸ್ತಿ, ಖಾಲಿಯಾಗ್ತಾ ಸ್ವಲ್ಪ ಕಮ್ಮಿ.

ಟೈಮರಿಗೂ ಇದೇ ಕಥೆ. ನಲ್ಲಿಗೆ ಹಾಕೋ ಅಗ್ಗದ ಟೈಮರುಗಳಲ್ಲಿ ಸೊಲೆನಾಯ್ಡ್ (ವಿದ್ಯುತ್ ಅಯಸ್ಕಾಂತದ) ವಾಲ್ವ್ ಇರೋದೇ ಜಾಸ್ತಿ. ಅವು ಸರಿಯಾಗಿ ತೆರೆದು ಮುಚ್ಚೋಕೆ ನೀರಿನ ಒತ್ತಡ ಬೇಕು. ಟ್ಯಾಂಕಿನ ನೀರಿಗೆ ಬಾಲ್ ವಾಲ್ವ್ ಇರೋ ಟೈಮರ್ ತಗೊಳ್ಳಬೇಕು. ಅದರಲ್ಲಿ ಪುಟ್ಟ ಮೋಟರ್ ಗುಂಡನ್ನೇ ತಿರುಗಿಸುತ್ತೆ, ಒತ್ತಡ ಇದ್ದರೂ ಸರಿ ಇಲ್ಲದಿದ್ದರೂ ಸರಿ. ಎರಡು ಸೆಲ್ ಹಾಕಿದರೆ ಸಾಕು.

ನಮ್ಮಂಥ ಶೆಡ್ಡುಗಳಿಗೆ ಸಲಹೆ ಕೊಡೋಕೆ ಬರೋರೂ ಇಂಥ ಡ್ರಿಪ್ಪರನ್ನೇ ಕೈಗಿಡ್ತಾರೆ. ಸಾವಿರ ಜನ ಇರೋ ಕಂಪನಿಯ ಅಪ್ರೈಸಲ್ ಫಾರ್ಮು, ತಿಂಗಳ ಟಾರ್ಗೆಟ್, ಬಣ್ಣದ ಚಾರ್ಟು. ಅವು ಕೆಟ್ಟವು ಅಂತಲ್ಲ. ಅಲ್ಲಿ ಎಚ್‌ಆರ್ ಇಲಾಖೆ ಇದೆ, ಹಿಂದೆ ಬಿದ್ದು ಫಾರ್ಮು ತುಂಬಿಸೋಕೆ ಜನ ಇದ್ದಾರೆ, ಆ ಒತ್ತಡದಲ್ಲಿ ಅವು ಓಡ್ತವೆ. ಹತ್ತು ಜನರ ಜಾಗಕ್ಕೆ ತಂದರೆ ಅಲ್ಲೇ ಕೂತಿರ್ತವೆ. ನಮ್ಮಲ್ಲಿ ಓಡಿದ್ದು ಒಂದೇ ಹಾಳೆ. ಯಾವ ವಿಷಯ ಯಾರು ನನ್ನನ್ನು ಕೇಳದೆ ತೀರ್ಮಾನ ಮಾಡಬಹುದು ಅಂತ ಬರೆದು ಗೋಡೆಗೆ ಅಂಟಿಸಿದ್ದು. ಉದಾಹರಣೆಗೆ ಅಳತೆ ಸರಿದಾಗ 0.02 ಎಂಎಂವರೆಗೆ ಟೂಲಿನ ಸ್ಥಾನ ಹೊಂದಿಸೋ ಆಫ್‌ಸೆಟ್ ಆಪರೇಟರೇ ತಿದ್ದಬಹುದು, ಪುಸ್ತಕದಲ್ಲಿ ಬರೆದರೆ ಸಾಕು. ಅದಕ್ಕಿಂತ ಜಾಸ್ತಿ ಬೇಕು ಅನ್ನಿಸಿದರೆ ಮೆಷಿನ್ ನಿಲ್ಲಿಸಿ, ಅದನ್ನು ಹೊಂದಿಸಿಕೊಡೋ ಸೆಟ್ಟರನ್ನು ಕರೀಬೇಕು, ಯಾಕಂದ್ರೆ ಅಷ್ಟು ಸರಿದಿದೆ ಅಂದ್ರೆ ಇನ್ಸರ್ಟ್ ಹೋಗಿರಬೇಕು ಇಲ್ಲ ಜಾಬ್ (ಮೆಷಿನ್ ಮೇಲಿರೋ ತುಂಡು) ಹಿಡಿತ ಸಡಿಲ ಆಗಿರಬೇಕು.

ಹೀಗೆ ಒಂದು ಸಲ ಗೊತ್ತು ಮಾಡಿಟ್ಟು, ಆಮೇಲೆ ಕೇಳದೆ ನಡೆಸೋದು ನಮ್ಮ ಕಡೆಗೆ ಹೊಸದೇನಲ್ಲ. ಕನ್ನಂಬಾಡಿ ನಾಲೆಯ ಕೆಳಗೆ ವಿಶ್ವೇಶ್ವರಯ್ಯನವರ ಬ್ಲಾಕ್ ಪದ್ಧತಿ ಬಂದಿದ್ದೂ ಹೀಗೇ ಅಲ್ವಾ? ಜಮೀನನ್ನು ಬ್ಲಾಕುಗಳಾಗಿ ಮಾಡಿ, ಕಬ್ಬು, ಭತ್ತ, ಅರೆ ಖುಷ್ಕಿ (ಕಮ್ಮಿ ನೀರಿನ) ಬೆಳೆ ಅಂತ ಸರದಿ ಗೊತ್ತು ಮಾಡಿಬಿಟ್ಟರೆ ಪ್ರತಿ ಹಂಗಾಮಿಗೂ ಗದ್ದೆ ಗದ್ದೆಗೂ ಅರ್ಜಿ ಹಿಡ್ಕೊಂಡು ಓಡಾಡೋ ಕೆಲಸ ತಪ್ಪುತ್ತೆ. ಅದು ನೆಲದಲ್ಲಿ ಪೂರ್ತಿ ಹಾಗೇ ನಡೀತಾ ಅನ್ನೋದು ಬೇರೆ ಮಾತು. ಮಂಡ್ಯದವರನ್ನು ಕೇಳಿದರೆ ಎಲ್ಲರ ಗದ್ದೆಯಲ್ಲೂ ಕಬ್ಬೇ ಯಾಕಾಯಿತು ಅಂತ ಅವರದೇ ಉತ್ತರ ಇರುತ್ತೆ.

ಕೊನೆಯ ಗಿಡ

ನಾಲೆಯ ಮಾತು ಬಂದಾಗ ಇನ್ನೊಂದು ವಿಷಯ. ಮದ್ದೂರು, ಮಳವಳ್ಳಿ ಕಡೆಯ ಕೊನೆ ಭಾಗದ ರೈತರು ನೀರು ತಲುಪಿಲ್ಲ ಅಂತ ರಸ್ತೆಗೆ ಇಳಿಯೋದು ಪೇಪರಿನಲ್ಲಿ ಓದ್ತಾನೇ ಇರ್ತೀವಿ. 20 ಅಡಿ ಮಡಿಯಲ್ಲೂ ಅದು ಆಯಿತು. ಮೊದಲ ಗಿಡಕ್ಕೂ ಹತ್ತನೇ ಗಿಡಕ್ಕೂ ಡಬ್ಬಿ ಇಟ್ಟು ನೋಡಿದರೆ ಹತ್ತನೇದಕ್ಕೆ ಕಣ್ಣಿಗೆ ಕಾಣೋ ಅಷ್ಟು ಕಮ್ಮಿ. ಪೈಪಿನ ಉದ್ದಕ್ಕೂ ಒತ್ತಡ ಕಮ್ಮಿ ಆಗ್ತಾ ಹೋಗೋದು ಒಂದು ಕಾರಣ. ನಮ್ಮ ಮಡಿಯ ಆ ತುದಿ ಒಂದೆರಡು ಇಂಚು ಎತ್ತರ ಇದ್ದದ್ದು ಇನ್ನೊಂದು. ಪಂಪ್ ಇದ್ದರೆ ಎರಡು ಇಂಚು ಲೆಕ್ಕಕ್ಕೇ ಬರಲ್ಲ, ಟ್ಯಾಂಕಿನ ನೀರಿಗೆ ಬರುತ್ತೆ.

ರಿಪೇರಿ ಸುಲಭ. ಪ್ರತಿ ಮಡಿಯ ಎರಡು ಲ್ಯಾಟರಲ್‌ಗಳ ಕೊನೆ ಮುಚ್ಚಳ ತೆಗೆದು, ಎಲ್ಬೋ ಹಾಕಿ ಒಂದಕ್ಕೊಂದು ಸೇರಿಸಿ, ಆ ತುದಿಗೂ ಒಂದು ಇಂಚಿನ ಪೈಪನ್ನೇ ಎಳೆದುಬಿಟ್ಟೆವು. ಈಗ ನೀರು ಎರಡೂ ಕಡೆಯಿಂದ ಬರುತ್ತೆ. ಒಂದು ಮೂಲೆಯಲ್ಲಿ ಟೀ ಹಾಕಿ ತೊಳೆಯೋಕೆ ಬಾಯಿ ಬಿಟ್ಟಿದ್ದೇವೆ. ವ್ಯತ್ಯಾಸ ಪೂರ್ತಿ ಹೋಗಲಿಲ್ಲ, ಆದರೆ ಗಿಡ ನೋಡಿದರೆ ಗೊತ್ತಾಗಲ್ಲ.

ಶೆಡ್ಡಿನ ಕೊನೆ ಗಿಡ ನಮ್ಮ ಎರಡನೇ ಶಿಫ್ಟು. ಗ್ರಾಹಕರು ಡ್ರಾಯಿಂಗ್ ಬದಲಾಯಿಸಿದ್ದು, ಯಾವುದು ಅರ್ಜೆಂಟು ಅನ್ನೋದು, ಸಂಬಳದ ವಿಷಯ, ಎಲ್ಲ ಬೆಳಗಿನವರಿಗೆ ಪೂರ್ತಿ ಗೊತ್ತು. ರಾತ್ರಿಯವರಿಗೆ ಅರ್ಧ, ಅದೂ ಬಾಯಿಂದ ಬಾಯಿಗೆ ಬಂದದ್ದು. ಆಮೇಲೆ ಅವರು ಸ್ವಂತ ಬುದ್ಧಿ ಉಪಯೋಗಿಸಲ್ಲ ಅಂತ ದೂರು. ಗೊತ್ತಿಲ್ಲದೆ ಯಾರು ಉಪಯೋಗಿಸ್ತಾರೆ? ಅಲ್ಲೂ ಎರಡು ಕಡೆಯಿಂದ ಪೈಪು ಎಳೆದೆವು. ವಾರದ ಮಾತುಕತೆಯನ್ನು ಶಿಫ್ಟ್ ಬದಲಾಗೋ ಹೊತ್ತಿಗೆ ಇಟ್ಟು, ಅವರು ಬೇಗ ಬಂದ ಹೊತ್ತಿಗೆ ಓಟಿ (ಹೆಚ್ಚಿನ ಹೊತ್ತಿನ ಸಂಬಳ) ಕೊಟ್ಟೆವು. ಓಟಿ ಕೊಡದೆ ಮೀಟಿಂಗ್‌ಗೆ ಬನ್ನಿ ಅಂದಿದ್ದರೆ ಯಾರೂ ಬರ್ತಿರಲಿಲ್ಲ, ಬರಬೇಕಾಗಿಯೂ ಇಲ್ಲ.

ನೀರಿನ ಲೆಕ್ಕ, ಇದೇ ಮುಖ್ಯ

ಸಸಿ ನೆಟ್ಟಿದ್ದು ಅಕ್ಟೋಬರಿನ ಮಳೆ ನಿಂತ ಮೇಲೆ. ಒಂದು ಮಡಿಗೆ ಈರನಗೆರೆ ಬದನೆ, ಇನ್ನೊಂದಕ್ಕೆ ಮೆಣಸಿನಕಾಯಿ, ಟೊಮೆಟೊ. ತಿಂಗಳ ಆಸುಪಾಸಿನ ಸಸಿ. ನೆಡೋಕೆ ಮುಂಚೆ ಕೆಲವು ದಿನ ಟ್ರೇಗೆ ನೀರು ಕಮ್ಮಿ ಮಾಡಿ, ನೆರಳಿಂದ ಬಿಸಿಲಿಗೆ ಸ್ವಲ್ಪ ಸ್ವಲ್ಪವೇ ಇಟ್ಟು ಗಟ್ಟಿ ಮಾಡಿದ್ದೆವು. ಮಡಿ ಮೇಲೆ ಕಬ್ಬಿನ ತರಗು ನಾಲ್ಕು ಬೆರಳು ದಪ್ಪ ಹಾಸಿದೆವು. ಬಿಸಿಲು ನೇರ ಮಣ್ಣಿಗೆ ಬೀಳಬಾರದು.

ಮೊದಲು ಟೈಮರ್ ದಿನಾ ಅರ್ಧ ಗಂಟೆ. ಗಿಡಕ್ಕೆ 1.8 ಲೀಟರ್. ಸಸಿ ಹಿಡ್ಕೊಂಡು ಹೊಸ ಎಲೆ ಬಿಟ್ಟ ಮೇಲೆ ಎರಡು ದಿನಕ್ಕೊಮ್ಮೆ ಒಂದು ಗಂಟೆ. ಹೂ ಬರೋ ಹೊತ್ತಿಗೆ ಮೂರು ದಿನಕ್ಕೊಮ್ಮೆ ಒಂದೂವರೆ ಗಂಟೆ. ಲೆಕ್ಕ ಹಾಕಿ ನೋಡಿ, ಒಟ್ಟು ನೀರು ಒಂದು ತೊಟ್ಟೂ ಕಮ್ಮಿ ಆಗಿಲ್ಲ. ದಿನಕ್ಕೆ 1.8 ಲೀಟರ್ ಹಾಗೇ ಇದೆ. ಬದಲಾಗಿದ್ದು ಅಂತರ. ದಿನಾ ಸ್ವಲ್ಪ ಹಾಕಿದರೆ ಮೇಲಿನ ಮೂರು ನಾಲ್ಕು ಇಂಚು ಮಾತ್ರ ನೆನೆಯುತ್ತೆ, ಬೇರು ಅಲ್ಲೇ ಸುತ್ತಾಡುತ್ತೆ. ಒಂದೇ ಸಲ ಜಾಸ್ತಿ ಹಾಕಿ ಬಿಟ್ಟರೆ ನೀರು ಆಳಕ್ಕೆ ಇಳಿಯುತ್ತೆ. ಮೇಲೆ ಒಣಗುತ್ತೆ, ಬೇರು ಕೆಳಗೆ ಹೋಗುತ್ತೆ. ಸದಾ ಒದ್ದೆ ಇರೋ ಮಣ್ಣಲ್ಲಿ ಬೇರು ಕೊಳೆಯೋದೂ ಜಾಸ್ತಿ.

ಅಂತರ ಹೆಚ್ಚಿಸಿದ ಮೊದಲ ವಾರ ಮಧ್ಯಾಹ್ನ ಎಲೆ ಜೋತು ಬೀಳ್ತಿತ್ತು. ಸ್ಟೋರ್ ನೋಡ್ಕೊಳ್ಳೋ ಹುಡುಗಿ ಬಕೆಟ್ ಹಿಡ್ಕೊಂಡು ಹೊರಟಳು. ನಮ್ಮ ಹಿರಿಯ ಟರ್ನರ್, ಮಂಡ್ಯ ಕಡೆಯವರು, ತಡೆದರು. 'ಸಂಜೆ ಗಂಟ ತಡಿ ಕಣವ್ವ. ತಂಪಾದ್ಮೇಲೂ ಎದ್ದು ನಿಲ್ಲದೆ ಹೋದ್ರೆ ಆಗ ನೀರ್ ಬುಡು. ದಿನಾ ಬಾಯಿಗೆ ಹುಯ್ದ್ರೆ ಸೋಂಬೇರಿ ಆಯ್ತದೆ ಗಿಡ.' ಸಂಜೆಗೆ ಎಲೆ ತಾನೇ ನೆಟ್ಟಗಾಯಿತು. ಈ ಒಂದು ಪರೀಕ್ಷೆ ತುಂಬ ಕೆಲಸದ್ದು. ಮಧ್ಯಾಹ್ನ ಬಾಡಿದ್ದು ಬಿಸಿಲಿಗೆ. ಬೆಳಿಗ್ಗೆ ಎದ್ದು ನೋಡಿದಾಗಲೂ ಬಾಡಿದ್ದರೆ ನೀರಿಗೆ.

ನಾನು ಶೆಡ್ಡಿನಲ್ಲಿ ಬದಲಾಯಿಸಿದ ದೊಡ್ಡ ವಿಷಯ ಇದೇ. ಮೊದಲು ಪ್ರತಿ ಮೆಷಿನ್ ಹತ್ತಿರ ದಿನಾ ಐದು ನಿಮಿಷ ನಿಂತು ಏನಾದರೂ ಹೇಳಿ ಬರೋ ಪದ್ಧತಿ ಇತ್ತು. ನಮ್ಮಪ್ಪನ ಕಾಲದಿಂದ ಬಂದದ್ದು, ಒಳ್ಳೇ ಮನಸ್ಸಿನದ್ದೇ. ಈಗ ಪ್ರತಿಯೊಬ್ಬರ ಜೊತೆ ವಾರಕ್ಕೊಮ್ಮೆ ಅರ್ಧ ಗಂಟೆ, ಕೂತು, ಫೋನ್ ಪಕ್ಕಕ್ಕಿಟ್ಟು. ಸಮಯ ಹೆಚ್ಚುಕಡಿಮೆ ಅಷ್ಟೇ ಹೋಗುತ್ತೆ. ಆದರೆ ಐದು ನಿಮಿಷದಲ್ಲಿ ಬರೋ ಪ್ರಶ್ನೆ 'ಇವತ್ತು ಇದನ್ನು ಹಾಕ್ಲಾ?' ಅನ್ನೋದು. ಅರ್ಧ ಗಂಟೆಯಲ್ಲಿ ಬರೋದು 'ಈ ಜಾಬಿಗೆ ಫಿಕ್ಸ್ಚರ್ ಬದಲಾಯಿಸಿದ್ರೆ ಒಂದೇ ಸೆಟಪ್‌ನಲ್ಲಿ ಮುಗಿಯುತ್ತೆ ಅಲ್ವಾ ಸಾರ್?' ಅನ್ನೋದು (ಫಿಕ್ಸ್ಚರ್ ಅಂದರೆ ತುಂಡನ್ನು ಹಿಡಿದು ನಿಲ್ಲಿಸೋ ಸಾಧನ). ನಡುವಿನ ದಿನಗಳಲ್ಲಿ ಯಾರಾದರೂ ಒದ್ದಾಡ್ತಿರೋದು ಕಂಡರೆ ಕಾಲು ತಾನೇ ಆ ಕಡೆ ಹೋಗುತ್ತೆ. ಸಂಜೆವರೆಗೆ ಬಿಡ್ತೀನಿ. ಮಾರನೇ ಬೆಳಿಗ್ಗೆಯೂ ಅದೇ ಜಾಗದಲ್ಲಿ ನಿಂತಿದ್ದರೆ ಹೋಗ್ತೀನಿ. ಹೊಸ ಹುಡುಗರಿಗೆ ಮಾತ್ರ ಬೇರೆ ಲೆಕ್ಕ. ಅವರಿಗೆ ಅರ್ಧ ಗಂಟೆಯ ಟೈಮರೇ, ದಿನಾ. ಮೊದಲು ತುಂಡು ಅಲ್ಯೂಮಿನಿಯಂ ಮೇಲೆ ಕೈ ಪಳಗಿಸಿ, ಆಮೇಲೆ ನಿಜವಾದ ಆರ್ಡರ್. ಟ್ರೇ ಸಸಿಯನ್ನು ಮೊದಲ ದಿನವೇ ಮೂರು ದಿನದ ಸರದಿಗೆ ಹಾಕಿದರೆ ಅದು ಸಾಯುತ್ತೆ, ಆ ಸಾವು ಸಸಿಯ ತಪ್ಪಲ್ಲ.

ತಕ್ಷಣ ಕೈ ಹಾಕಬೇಕಾದ ಕಡೆ

ಬದನೆ ಹಾಕಿದವರಿಗೆಲ್ಲ ಕುಡಿ ಮತ್ತು ಕಾಯಿ ಕೊರೆಯುವ ಹುಳು ಗೊತ್ತು. ಗಿಡವೆಲ್ಲ ಚೆನ್ನಾಗಿರುತ್ತೆ, ಒಂದೇ ಒಂದು ಕುಡಿ ಬಾಡಿ ತಲೆ ಬಾಗಿಸಿರುತ್ತೆ. ನೀರಿನ ಬಾಡು ಅಲ್ಲ ಅದು, ಒಳಗೆ ಹುಳು ಇದೆ. ಸಂಜೆವರೆಗೆ ನೋಡೋಣ ಅನ್ನೋ ಮಾತಿಲ್ಲ. ಅವತ್ತೇ ಆ ಕುಡಿಯನ್ನು ಬಾಡಿದ ಜಾಗದಿಂದ ಸ್ವಲ್ಪ ಕೆಳಗೆ ಕತ್ತರಿಸಿ, ತೋಟದಿಂದ ಹೊರಗೆ ಒಯ್ದು ಸುಡಬೇಕು. ಅಲ್ಲೇ ಬಿಸಾಕಿದರೆ ಹುಳು ಬೆಳೆದು, ಚಿಟ್ಟೆಯಾಗಿ ಮತ್ತೆ ಮೊಟ್ಟೆ ಇಡುತ್ತೆ. ಜೊತೆಗೆ ಗಂಡು ಚಿಟ್ಟೆಗಳನ್ನು ವಾಸನೆಯಿಂದ ಸೆಳೆದು ಹಿಡಿಯೋ ಒಂದು ಮೋಹಕ ಬಲೆ ತೂಗುಹಾಕಿದ್ದೇವೆ.

ಶೆಡ್ಡಿನಲ್ಲೂ ಅಂಥ ವಿಷಯ ಎರಡೇ ಇಟ್ಟಿದ್ದೇನೆ. ಬಾಗಿಲು ತೆರೆದರೆ ಮೆಷಿನ್ ನಿಲ್ಲಿಸೋ ಇಂಟರ್‌ಲಾಕ್ ಬೈಪಾಸ್ ಮಾಡಿ ಓಡಿಸೋದು ಒಂದು. ಅಳತೆ ತೆಗೆಯದೆ ತಪಾಸಣೆ ಹಾಳೆ ತುಂಬೋದು ಇನ್ನೊಂದು. ಇವು ಕಂಡ ನಿಮಿಷಕ್ಕೆ ಮೆಷಿನ್ ನಿಲ್ಲುತ್ತೆ, ಯಾರೇ ಆಗಲಿ, ಎಷ್ಟೇ ಅರ್ಜೆಂಟ್ ಇರಲಿ. ಪಟ್ಟಿ ಚಿಕ್ಕದಿದ್ದರೆ ಜನಕ್ಕೆ ನೆನಪಿರುತ್ತೆ. ಇಪ್ಪತ್ತು ವಿಷಯ ಹಾಕಿದರೆ ಮತ್ತೆ ಹಳೇ ಕಥೆಯೇ.

ಫಿಲ್ಟರ್ ನನ್ನದು

ಎರಡು ತಿಂಗಳು ಕಳೆಯೋ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಡ್ರಿಪ್ಪರ್ ನಿಧಾನ ಆಯಿತು. ನಮ್ಮದು ಬೋರ್ ನೀರು, ಗಡುಸು. ಡ್ರಿಪ್ಪರ್ ಬಾಯಲ್ಲಿ ಬಿಳಿ ಸುಣ್ಣ ಕಟ್ಟುತ್ತೆ. ಬಿಚ್ಚಿ, ನಿಂಬೆ ಉಪ್ಪು ಕರಗಿಸಿದ ನೀರಲ್ಲಿ ರಾತ್ರಿಯೆಲ್ಲ ನೆನೆಹಾಕಿ, ಹಲ್ಲುಜ್ಜೋ ಬ್ರಷ್‌ನಿಂದ ಉಜ್ಜಿದರೆ ಹೊಸದರಂತೆ ಆಗುತ್ತೆ. ಪೈಪು ತೊಳೆಯೋ ಬಾಯಿಯನ್ನು ತಿಂಗಳಿಗೊಮ್ಮೆ ತೆಗೆದು ಕೆಸರು ಬಿಡಬೇಕು. ಟ್ಯಾಂಕಿಗೆ ಬೆಳಕು ಬೀಳಬಾರದು, ಬಿದ್ದರೆ ಪಾಚಿ. ಪೈಪು ಕಪ್ಪು ಇರೋದೂ ಅದಕ್ಕೇ.

ಡ್ರಿಪ್ಪರ್ ಕೆಲಸ ಆಯಾ ಮಡಿಯವರದು. ಮಡಿಗಳನ್ನು ಶಿಫ್ಟಿಗೊಂದರಂತೆ ಕೊಟ್ಟಿದ್ದೇವೆ, ಬೆಳೆದದ್ದೂ ಅವರದೇ. ಎರಡನೇ ಶಿಫ್ಟಿನವರು ಬದನೆ ಸಾಲಿನ ನಡುವೆ ದಂಟಿನ ಸೊಪ್ಪು, ಮೂಲಂಗಿ ತುರುಕಿದ್ದಾರೆ. ನನ್ನ ಕಣ್ಣಿಗೆ ಅದು ಸಂತೆ. ಆದರೆ ಬದನೆ ದೊಡ್ಡದಾಗೋ ಹೊತ್ತಿಗೆ ಸೊಪ್ಪು ಕಿತ್ತು ಸಾರಿಗೆ ಹೋಗಿರುತ್ತೆ, ಹಾಗಾಗಿ ಹೇಳೋಕೆ ನನಗೇನೂ ಉಳಿದಿಲ್ಲ.

ಫಿಲ್ಟರ್ ಮಾತ್ರ ನಾನೇ ತೊಳೆಯೋದು, ಪ್ರತಿ ಸೋಮವಾರ. ಅದು ಕಟ್ಟಿದರೆ ನಲವತ್ತೂ ಗಿಡಕ್ಕೆ ತೊಂದರೆ, ಮಡಿಯವರು ಎಷ್ಟು ಚೆನ್ನಾಗಿ ನೋಡ್ಕೊಂಡರೂ ಪ್ರಯೋಜನ ಇಲ್ಲ. ಶೆಡ್ಡಿನಲ್ಲಿ ಅದರ ಪಾಲಿನ ಕೆಲಸಗಳು ಅಂದರೆ ಬರಬೇಕಾದ ಕಬ್ಬಿಣ ತಡ ಆಗಿರೋದು, ಗ್ರಾಹಕರಿಂದ ದುಡ್ಡು ಬರದೆ ಇನ್ಸರ್ಟ್ ತರೋಕೆ ಆಗದಿರೋದು, ಡ್ರಾಯಿಂಗಿನಲ್ಲಿ ಒಂದು ಅಳತೆ ಓದೋಕೆ ಬರದೆ ಫೋನ್ ಮಾಡಬೇಕಾಗಿರೋದು. ಇವು ಯಾವ ಆಪರೇಟರ್ ಕೈಯಲ್ಲೂ ಇಲ್ಲ. ಸೋಮವಾರ ಬೆಳಿಗ್ಗೆ ಫಿಲ್ಟರ್ ತೊಳೆದ ಮೇಲೆ ಅದೇ ಕೈಯಲ್ಲಿ ಆ ಪಟ್ಟಿ ಹಿಡಿದು ಕೂರ್ತೀನಿ.

ಇನ್ನೂ ಬಾಕಿ ಇರೋದು: ಟೈಮರಿಗೆ ಮಳೆ ಗೊತ್ತಾಗಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಬಂದ ದಿನವೂ ಅದು ನೀರು ಬಿಡುತ್ತೆ, ಸದ್ಯಕ್ಕೆ ಮಳೆ ಬಂದರೆ ಯಾರು ಮೊದಲು ನೋಡ್ತಾರೋ ಅವರು ವಾಲ್ವ್ ಮುಚ್ಚೋದು ಅಂತ ಮಾತಾಗಿದೆ. ಗೋಡೆ ಪಕ್ಕ ಒಂದು ಸಾಲು ಮೈಸೂರು ಮಲ್ಲಿಗೆ ಹಾಕಬೇಕು, ಅದಕ್ಕೆ ಬೇರೆ ಲ್ಯಾಟರಲ್, ಬೇರೆ ವಾಲ್ವ್. ಶೆಡ್ ಒಳಗೆ, ಪದೇ ಪದೇ ಬರೋ ಆರ್ಡರುಗಳಿಗೆ ರೇಟ್ ಹೇಳೋ ಕೆಲಸವನ್ನು ಹಿರಿಯ ಟರ್ನರಿಗೆ ವಹಿಸಬೇಕು ಅಂತಿದ್ದೇನೆ. ಅವರು 'ನನಗ್ಯಾಕ್ ಸಾ ಅದೆಲ್ಲ, ಲೆಕ್ಕ ನೀವೇ ಮಡಿಕ್ಕಳಿ' ಅಂತಾರೆ, ಮಾತುಕತೆ ನಡೀತಿದೆ. ನೀವೂ ಟ್ಯಾಂಕ್ ನೀರಿನಲ್ಲಿ ಡ್ರಿಪ್ ಮಾಡೋದಾದರೆ ಅಂಗಡಿಯಲ್ಲಿ ಗಂಟೆಗೆ 8 ಲೀಟರಿನ ಮಾಮೂಲಿ ಡ್ರಿಪ್ಪರ್ ಅಂತ ಬಿಡಿಸಿ ಹೇಳಿ. ಪ್ಯಾಕೆಟ್ ಮೇಲೆ ಪಿಸಿ (ಪ್ರೆಷರ್ ಕಾಂಪನ್ಸೇಟಿಂಗ್) ಅಂತ ಇದ್ದರೆ ಅಲ್ಲೇ ವಾಪಸ್ ಕೊಟ್ಟುಬಿಡಿ.